ಹಗುರ ಲೈವ್ ಲಿನಕ್ಸ್ ಬೂಟ್ ಆಗದಿದ್ದಾಗ: ಕರಾವಳಿಯ ಹಳೆಯ ಯಂತ್ರಗಳಿಗೊಂದು ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ, ಟ್ಯೂಷನ್ ಕೋಣೆಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ 2 ಜಿಬಿ, 4 ಜಿಬಿ ರ‍್ಯಾಮಿನ ಹಳೆಯ ಯಂತ್ರಗಳು ಮಾತ್ರ ಇನ್ನೂ ಗಟ್ಟಿಯಾಗಿವೆ. ಪಪ್ಪಿ ಲಿನಕ್ಸ್, ಆಂಟಿಎಕ್ಸ್‌ನಂಥ ಹಗುರ ಲೈವ್ ವ್ಯವಸ್ಥೆ ಅವಕ್ಕೆ ಹೇಳಿ ಮಾಡಿಸಿದಂತಿದೆ. ಹಾರ್ಡ್‌ಡಿಸ್ಕ್ ಮುಟ್ಟಬೇಕಾಗಿಲ್ಲ, ಪೆನ್‌ಡ್ರೈವ್ ಸಿಕ್ಕಿಸಿ ಬೂಟ್ ಮಾಡಿದರೆ ಕೆಲಸ ಶುರು. ಬೂಟ್ ಆಗದೆ ಹೋದಾಗ ಮಾತ್ರ ಬಹಳಷ್ಟು ಜನ ಒಂದೇ ದಾರಿ ಹಿಡಿಯುತ್ತಾರೆ: ಪೆನ್‌ಡ್ರೈವನ್ನು ಅಳಿಸಿ ಮತ್ತೆ ಬರೆಯುವುದು. ಅದರಿಂದ ಸರಿಹೋಗುವ ತೊಂದರೆಗಳು ಕೆಲವೇ. ಉಳಿಸಿಟ್ಟ ಫೈಲುಗಳು ಮಾತ್ರ ಅಷ್ಟರಲ್ಲಿ ಕೈಬಿಟ್ಟು ಹೋಗಿರುತ್ತವೆ.

ಅಳಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಬೂಟ್ ಎಲ್ಲಿ ನಿಂತಿತು?

ನಿಂತ ಜಾಗವನ್ನು ಹಿಡಿಯುವುದು

ಲೈವ್ ಲಿನಕ್ಸ್ ಏಳುವುದು ಆರು ಹೆಜ್ಜೆಗಳಲ್ಲಿ. ಮೊದಲು, ಯಂತ್ರ ಹಚ್ಚಿದ ಕೂಡಲೇ ಓಡುವ ಬಯಾಸ್ ಅಥವಾ ಅದರ ಹೊಸ ರೂಪವಾದ ಯುಇಎಫ್‌ಐ ಪೆನ್‌ಡ್ರೈವನ್ನು ಗುರುತಿಸುತ್ತದೆ. ಆಮೇಲೆ ಅದರಲ್ಲಿರುವ ಬೂಟ್‌ಲೋಡರ್, ಅಂದರೆ ಗ್ರಬ್, ಐಸೋಲಿನಕ್ಸ್ ಅಥವಾ ಸಿಸ್‌ಲಿನಕ್ಸ್, ಮೆನು ತೋರಿಸುತ್ತದೆ. ಮೂರನೆಯದಾಗಿ ಲಿನಕ್ಸಿನ ತಿರುಳಾದ ಕರ್ನಲ್ ಮತ್ತು ಇನಿಟ್‌ಆರ್‌ಡಿ ಎಂಬ ಪುಟ್ಟ ಆರಂಭಿಕ ವ್ಯವಸ್ಥೆ ರ‍್ಯಾಮಿಗೆ ಬರುತ್ತವೆ. ಆ ಪುಟ್ಟ ವ್ಯವಸ್ಥೆ ಡ್ರೈವ್‌ಗಳನ್ನೆಲ್ಲ ಹುಡುಕಿ ಮುಖ್ಯ ಎಸ್‌ಎಫ್‌ಎಸ್ ಫೈಲನ್ನು ತೆರೆಯುತ್ತದೆ. ಇಡೀ ವ್ಯವಸ್ಥೆ ಕುಗ್ಗಿಸಿಟ್ಟ ರೂಪದಲ್ಲಿ ಇರುವುದು ಅದರಲ್ಲೇ, ಮತ್ತು ಅದು ಓದಲಿಕ್ಕೆ ಮಾತ್ರ, ಬರೆಯಲಿಕ್ಕಲ್ಲ. ಐದನೆಯದಾಗಿ ನೀವು ಉಳಿಸಿಟ್ಟ ಬದಲಾವಣೆಗಳ ಪದರ ಅದರ ಮೇಲೆ ಕೂರುತ್ತದೆ. ಕೊನೆಗೆ ತೆರೆಯ ಚಿತ್ರ ಮೂಡಿಸುವ ಎಕ್ಸ್ ಎಂಬ ತಂತ್ರಾಂಶ ಎದ್ದು ಡೆಸ್ಕ್‌ಟಾಪ್ ಕಾಣಿಸುತ್ತದೆ.

ತೆರೆಯ ಮೇಲೆ ಕಂಡದ್ದೇ ಹೆಜ್ಜೆಯ ಗುರುತು. ಮೆನುವೇ ಬರದೆ ನೇರ ವಿಂಡೋಸ್ ಎದ್ದರೆ, ‘ನೋ ಬೂಟಬಲ್ ಡಿವೈಸ್’ ಎಂದರೆ, ಅಥವಾ ‘ಪಿಎಕ್ಸ್‌ಇ-ಇ61, ಮೀಡಿಯಾ ಟೆಸ್ಟ್ ಫೇಲ್ಯೂರ್’ ಎಂದರೆ ತೊಂದರೆ ಮೊದಲ ಹೆಜ್ಜೆಯಲ್ಲಿದೆ. ಪಿಎಕ್ಸ್‌ಇ ಸಂದೇಶ ನೋಡಿ ನೆಟ್‌ವರ್ಕ್ ಕೇಬಲ್ ಹುಡುಕಬೇಕಾಗಿಲ್ಲ. ಬಯಾಸಿಗೆ ಬೇರೆ ಯಾವ ಡ್ರೈವೂ ಸಿಗದೆ ಅದು ಕೊನೆಗೆ ನೆಟ್‌ವರ್ಕ್‌ನಿಂದ ಬೂಟ್ ಮಾಡಲು ನೋಡಿದೆ, ಅಷ್ಟೇ. ಮೆನು ಬಂದು, ಆರಿಸಿದ ಕೂಡಲೇ ನಿಂತರೆ ಕರ್ನಲ್ಲಿನ ಹೆಜ್ಜೆ. ‘ಎಸ್‌ಎಫ್‌ಎಸ್ ನಾಟ್ ಫೌಂಡ್’ ಎಂದರೆ ನಾಲ್ಕನೆಯದು. ಅಕ್ಷರಗಳೆಲ್ಲ ಓಡಿ ಕೊನೆಗೆ ತೆರೆ ಕಪ್ಪಾದರೆ ಐದು ಅಥವಾ ಆರು.

ಸಂದೇಶಗಳು ಸರ್ರನೆ ಹಾದುಹೋದರೆ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದು ಕೊನೆಯ ಹತ್ತು ಸಾಲು ಓದಿ. ಏನೂ ಕಾಣದೆ ಲೋಗೋ ಮಾತ್ರ ಕಾಣುತ್ತಿದ್ದರೆ ಬೂಟ್ ಸಾಲಿನಲ್ಲಿರುವ ‘ಕ್ವಾಯಟ್’ ಮತ್ತು ‘ಸ್ಪ್ಲ್ಯಾಷ್’ ಪದಗಳನ್ನು ತೆಗೆಯಬೇಕು. ಗ್ರಬ್ ಮೆನುವಿನಲ್ಲಿ ಬೇಕಾದ ಸಾಲಿನ ಮೇಲೆ ನಿಂತು ಇಂಗ್ಲಿಷಿನ ‘ಇ’ ಅಕ್ಷರದ ಕೀ ಒತ್ತಿ. ‘ಲಿನಕ್ಸ್’ ಎಂದು ಆರಂಭವಾಗುವ ಸಾಲು ಕಾಣುತ್ತದೆ. ಅಲ್ಲಿ ಬದಲಿಸಿ ಎಫ್10 ಅಥವಾ ಕಂಟ್ರೋಲ್ ಮತ್ತು ಎಕ್ಸ್ ಒತ್ತಿದರೆ ಬೂಟ್ ಆಗುತ್ತದೆ. ಐಸೋಲಿನಕ್ಸ್, ಸಿಸ್‌ಲಿನಕ್ಸ್ ಮೆನುವಿನಲ್ಲಿ ‘ಇ’ ಬದಲು ಟ್ಯಾಬ್ ಕೀ. ಹೀಗೆ ಮಾಡಿದ ಬದಲಾವಣೆ ಆ ಒಂದು ಬೂಟಿಗೆ ಮಾತ್ರ, ಹಾಗಾಗಿ ಧೈರ್ಯವಾಗಿ ಪ್ರಯೋಗ ಮಾಡಬಹುದು.

ಮುಂದೆ ಬರುವ ಆಯ್ಕೆಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಸಾಲಿನ ಕೊನೆಯಲ್ಲಿ ಒಂದು ಜಾಗ ಬಿಟ್ಟು ಸೇರಿಸಬೇಕು. ಸಮ ಚಿಹ್ನೆಯ ಆಚೀಚೆ ಮಾತ್ರ ಜಾಗ ಬಿಡಬಾರದು.

ಮೊದಲು ಯಂತ್ರ, ಆಮೇಲೆ ಲಿನಕ್ಸ್

ಬೇರೆ ಊರಿನವರಿಗೆ ಬರೆದ ಮಾರ್ಗದರ್ಶಿಗಳಲ್ಲಿ ಈ ಭಾಗ ಕೊನೆಗೆ ಬರುತ್ತದೆ. ನಮ್ಮಲ್ಲಿ ಇದು ಮೊದಲೇ ಬರಬೇಕು. ಉಳ್ಳಾಲದಿಂದ ಮಲ್ಪೆಯವರೆಗೆ ಕಡಲಂಚಿನ ಮನೆಗಳಲ್ಲಿ ಉಪ್ಪು ಬೆರೆತ ಗಾಳಿ ಯುಎಸ್‌ಬಿ ಪೋರ್ಟಿನ ತಗಡು, ರ‍್ಯಾಮಿನ ಕಾಲುಗಳು, ಬ್ಯಾಟರಿ ಹೋಲ್ಡರ್ ಎಲ್ಲವನ್ನೂ ಮೆಲ್ಲಗೆ ತಿನ್ನುತ್ತದೆ. ಆಟಿಯ ಮಳೆಯಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪ್ ಹೊರತೆಗೆದು ಹಚ್ಚಿದಾಗ ಬೂಟ್ ಆಗದಿದ್ದರೆ, ತಪ್ಪು ಲಿನಕ್ಸಿನದ್ದು ಎಂದು ಹೊರಡುವ ಮೊದಲು ಮೂರು ಕಡೆ ನೋಡಬೇಕು.

ಒಂದು, ರ‍್ಯಾಮ್. ಯಂತ್ರ ಬೀಪ್ ಬೀಪ್ ಎನ್ನುತ್ತಾ ತೆರೆ ಕಪ್ಪಾಗಿಯೇ ಉಳಿದರೆ, ಅಥವಾ ಪ್ರತಿ ಬೂಟೂ ಬೇರೆ ಬೇರೆ ಜಾಗದಲ್ಲಿ ನಿಂತರೆ ಮೊದಲ ಅನುಮಾನ ಇದರ ಮೇಲೆ. ಅಡಾಪ್ಟರ್ ಕಳಚಿ, ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು 15 ಸೆಕೆಂಡು ಒತ್ತಿ ಹಿಡಿಯಿರಿ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಕಾಲುಗಳನ್ನು ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ಐದು ನಿಮಿಷ ಆರಲು ಬಿಟ್ಟು ಮತ್ತೆ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಇಷ್ಟಾದ ಮೇಲೂ ಅನುಮಾನ ಉಳಿದರೆ ಮೆಮ್‌ಟೆಸ್ಟ್86+ ಅನ್ನು ಒಂದು ಪೂರ್ಣ ಸುತ್ತು ಓಡಿಸಿ. ಇದರ 6ನೇ ಆವೃತ್ತಿಯಿಂದ ಯುಇಎಫ್‌ಐ ಯಂತ್ರಗಳಲ್ಲೂ ಕೆಲಸ ಮಾಡುತ್ತದೆ, ಹಿಂದಿನವು ಹಳೆಯ ಬಯಾಸಿನಲ್ಲಿ ಮಾತ್ರ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮನ್ನು ನಂಬಬೇಡಿ. ಪಪ್ಪಿ ಸಾಮಾನ್ಯವಾಗಿ ಇಡಿಯಾಗಿ ರ‍್ಯಾಮಿನಲ್ಲೇ ಓಡುವುದರಿಂದ ಅಲ್ಲಿನ ದೋಷ ನೇರ ವ್ಯವಸ್ಥೆಯ ದೋಷವಾಗುತ್ತದೆ.

ಎರಡು, ಬಯಾಸಿನ ಗುಂಡು ಬ್ಯಾಟರಿ, ಸಿಆರ್2032. ಇದು 3 ವೋಲ್ಟಿನದು. ಮಲ್ಟಿಮೀಟರಿನಲ್ಲಿ 2.7ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸಿ. ಬ್ಯಾಟರಿ ಸತ್ತ ಯಂತ್ರದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಬೂಟ್ ಕ್ರಮ ಮೊದಲಿನ ಸ್ಥಿತಿಗೆ ಮರಳುತ್ತದೆ, ಕೆಲವು ಯಂತ್ರಗಳಲ್ಲಿ ಆಫ್ ಮಾಡಿಟ್ಟಿದ್ದ ಆಯ್ಕೆಗಳೂ ಮತ್ತೆ ಆನ್ ಆಗುತ್ತವೆ. ದಿನಾಂಕ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಲಿನಕ್ಸ್ ಡಿಸ್ಕ್ ಪರೀಕ್ಷಿಸುವಾಗ ‘ಸೂಪರ್‌ಬ್ಲಾಕ್ ಲಾಸ್ಟ್ ಮೌಂಟ್ ಟೈಮ್ ಈಸ್ ಇನ್ ದ ಫ್ಯೂಚರ್’ ಎನ್ನುತ್ತದೆ. ಡಿಸ್ಕ್ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಯಂತ್ರದ ಗಡಿಯಾರಕ್ಕೆ ನೀವು ನಿನ್ನೆ ಮಾಡಿದ ಕೆಲಸ ಇನ್ನೂ ಮುಂದೆ ನಡೆಯಬೇಕಾದದ್ದಾಗಿ ಕಾಣುತ್ತಿದೆ. ಬ್ಯಾಟರಿ ಹಾಕಿ ದಿನಾಂಕ ಸರಿಪಡಿಸಿದರೆ ಸಂದೇಶ ನಿಲ್ಲುತ್ತದೆ. ಬ್ರೌಸರಿನಲ್ಲಿ ಎಲ್ಲ ತಾಣಗಳೂ ‘ಸುರಕ್ಷಿತವಲ್ಲ’ ಎಂದು ಹಟ ಹಿಡಿಯುವುದೂ ಇದೇ ಕಾರಣಕ್ಕೆ ಆಗಿರಬಹುದು.

ಮೂರು, ಪೋರ್ಟ್ ಮತ್ತು ಪೆನ್‌ಡ್ರೈವ್. ಟಾರ್ಚ್ ಹಾಕಿ ಒಳಗೆ ನೋಡಿ. ಹಸಿರು ಅಥವಾ ಬಿಳಿ ಪುಡಿ ಕೂತಿದ್ದರೆ ಅದೇ ಆಲ್ಕೋಹಾಲ್ ಹಚ್ಚಿದ ಸಣ್ಣ ಕುಂಚದಿಂದ ಒರೆಸಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಮದರ್‌ಬೋರ್ಡಿಗೇ ಅಂಟಿರುವ ಹಿಂದಿನ ಪೋರ್ಟ್ ಬಳಸಿ. 2010ರ ಆಸುಪಾಸಿನ ಕೆಲವು ಯಂತ್ರಗಳಲ್ಲಿ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಬೇರೆಯೇ ಚಿಪ್‌ನಿಂದ ನಡೆಯುತ್ತದೆ, ಬಯಾಸ್ ಅದರಿಂದ ಬೂಟ್ ಮಾಡಲಾರದು. ಅಂಥಲ್ಲಿ ಕಪ್ಪು ಬಣ್ಣದ ಯುಎಸ್‌ಬಿ 2 ಪೋರ್ಟೇ ಸರಿ. ಹಬ್ ಮೂಲಕ ಬೂಟ್ ಮಾಡಲು ಹೋಗಲೇಬೇಡಿ.

ಪೆನ್‌ಡ್ರೈವ್ ಮೆನುವಿನಲ್ಲೇ ಕಾಣದಿದ್ದರೆ

ಬೂಟ್ ಮೆನುವಿನ ಕೀ ಕಂಪನಿಯಿಂದ ಕಂಪನಿಗೆ ಬೇರೆ. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಡೆಲ್, ಲೆನೊವೊ, ತೋಶಿಬಾ, ಗಿಗಾಬೈಟ್ ಬೋರ್ಡುಗಳಲ್ಲಿ ಎಫ್12. ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್, ಅದೇ ಕಂಪನಿಯ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಎಫ್8. ಎಂಎಸ್‌ಐಗೆ ಎಫ್11. ಏಸರಿನಲ್ಲೂ ಎಫ್12, ಆದರೆ ಹಲವು ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸಿನೊಳಗೆ ಹೋಗಿ ‘ಎಫ್12 ಬೂಟ್ ಮೆನು’ ಎಂಬುದನ್ನು ಆನ್ ಮಾಡಬೇಕು. ಲೆನೊವೊ ಐಡಿಯಾಪ್ಯಾಡಿನಲ್ಲಿ ಪಕ್ಕದ ಸಣ್ಣ ತೂತಿನೊಳಗಿನ ನೊವೊ ಗುಂಡಿಯನ್ನು ಪಿನ್ನಿನಿಂದ ಒತ್ತಿದರೂ ಮೆನು ಬರುತ್ತದೆ.

ಒಂದೇ ಪೆನ್‌ಡ್ರೈವ್ ಎರಡು ಹೆಸರಲ್ಲಿ ಕಾಣಬಹುದು, ಒಂದರ ಮುಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರ ಮುಂದೆ ಇರುವುದಿಲ್ಲ. ಒಂದರಲ್ಲಿ ಆಗದ್ದು ಇನ್ನೊಂದರಲ್ಲಿ ಆಗುವುದುಂಟು, ಎರಡನ್ನೂ ನೋಡಿ. ಯುಇಎಫ್‌ಐ ಹೆಸರೇ ಕಾಣದಿದ್ದರೆ ಪೆನ್‌ಡ್ರೈವಿನ ಮೊದಲ ಪಾರ್ಟಿಶನ್ ಫ್ಯಾಟ್32 ಆಗಿದೆಯೇ, ಅದರಲ್ಲಿ ‘ಇಎಫ್‌ಐ’ ಎಂಬ ಫೋಲ್ಡರ್, ಅದರೊಳಗೆ ‘ಬೂಟ್’ ಫೋಲ್ಡರ್ ಇದೆಯೇ ಎಂದು ನೋಡಬೇಕು. 2013ರಿಂದ 2015ರ ನಡುವೆ ಬಂದ ಇಂಟೆಲ್ ಬೇ ಟ್ರೇಲ್ ಆಟಂ ಚಿಪ್ಪಿನ ಟ್ಯಾಬ್ಲೆಟ್, ಸಣ್ಣ ಲ್ಯಾಪ್‌ಟಾಪ್‌ಗಳದ್ದು ಬೇರೆಯೇ ತಕರಾರು. ಪ್ರೊಸೆಸರ್ 64 ಬಿಟ್, ಆದರೆ ಯುಇಎಫ್‌ಐ 32 ಬಿಟ್. ಅವಕ್ಕೆ ಬೂಟ್ ಫೋಲ್ಡರಿನಲ್ಲಿ ‘ಬೂಟ್‌ಐಎ32’ ಎಂಬ ಫೈಲ್ ಇರುವ ಐಎಸ್‌ಒ, ಅಂದರೆ ಇಳಿಸಿಕೊಳ್ಳುವ ಲಿನಕ್ಸ್ ಫೈಲ್, ಬೇಕು. ‘ಬೂಟ್‌ಎಕ್ಸ್64’ ಮಾತ್ರ ಇದ್ದರೆ ಪೆನ್‌ಡ್ರೈವ್ ಎಷ್ಟು ಸಲ ಬರೆದರೂ ಪ್ರಯೋಜನವಿಲ್ಲ.

ಸರಿಯಾದ ಸಹಿ ಇರುವ ಬೂಟ್‌ಲೋಡರನ್ನು ಮಾತ್ರ ಬಿಡುವ ಸೆಕ್ಯೂರ್ ಬೂಟ್ ಆಯ್ಕೆಯ ವಿಚಾರ ಸ್ವಲ್ಪ ಎಚ್ಚರದ್ದು. ಪಪ್ಪಿಯ ಹಲವು ಆವೃತ್ತಿಗಳು ಅದು ಆನ್ ಇದ್ದರೆ ಏಳುವುದಿಲ್ಲ. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ, ಮೊದಲು ಏಳುತ್ತಿದ್ದ ಹಳೆಯ ಲಿನಕ್ಸ್ ಐಎಸ್‌ಒಗಳೂ ‘ವೆರಿಫೈಯಿಂಗ್ ಶಿಮ್ ಎಸ್‌ಬಿಎಟಿ ಡೇಟಾ ಫೇಲ್ಡ್’ ಎಂದು ನಿಂತವು. ಹಳೆಯ ಸಹಿಯ ಬೂಟ್‌ಲೋಡರುಗಳನ್ನು ಯಂತ್ರ ತಿರಸ್ಕರಿಸುವಂತೆ ಆ ಅಪ್‌ಡೇಟ್ ಮಾಡಿತ್ತು. ದಾರಿ ಎರಡು: ಹೊಸ ಐಎಸ್‌ಒ ಬಳಸಿ, ಇಲ್ಲವೇ ಸೆಕ್ಯೂರ್ ಬೂಟ್ ಆಫ್ ಮಾಡಿ. ಆಫ್ ಮಾಡುವ ಮೊದಲು ಆ ಯಂತ್ರದ ವಿಂಡೋಸಿನಲ್ಲಿ ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಲೇಬೇಕು. ಇದ್ದರೆ ಅದರ 48 ಅಂಕೆಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯಿರಿ, ಇಲ್ಲದಿದ್ದರೆ ವಿಂಡೋಸ್ ಕಡೆಯ ಫೈಲುಗಳಿಗೇ ಬೀಗ ಬಿದ್ದೀತು. ಕೆಲವು ಏಸರ್ ಯಂತ್ರಗಳಲ್ಲಿ ಬಯಾಸಿಗೆ ಸೂಪರ್‌ವೈಸರ್ ಪಾಸ್‌ವರ್ಡ್ ಇಡುವ ತನಕ ಸೆಕ್ಯೂರ್ ಬೂಟ್ ಆಯ್ಕೆ ಮಸುಕಾಗಿಯೇ ಇರುತ್ತದೆ.

ಐಎಸ್‌ಒ ಸರಿಯಿದೆಯೇ, ಬರೆದದ್ದು ಸರಿಯಿದೆಯೇ

ಇಳಿಸಿಕೊಂಡ ಐಎಸ್‌ಒದ ಎಸ್‌ಎಚ್‌ಎ256 ಮೊತ್ತವನ್ನು, ಅಂದರೆ ಫೈಲಿನ ಬೆರಳಚ್ಚನ್ನು, ಇಳಿಸಿಕೊಂಡ ತಾಣದಲ್ಲಿ ಕೊಟ್ಟದ್ದಕ್ಕೆ ತಾಳೆ ನೋಡದೆ ಬರೆಯಬೇಡಿ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸರ್ಟ್‌ಯುಟಿಲ್ -ಹ್ಯಾಷ್‌ಫೈಲ್’ ಎಂದು ಬರೆದು, ಫೈಲಿನ ಹೆಸರು, ಆಮೇಲೆ ‘ಎಸ್‌ಎಚ್‌ಎ256’ ಎಂದು ಕೊಟ್ಟರೆ 64 ಅಕ್ಷರಗಳ ಮೊತ್ತ ಬರುತ್ತದೆ. ಲಿನಕ್ಸಿನಲ್ಲಿ ‘ಎಸ್‌ಎಚ್‌ಎ256ಸಮ್’. ಒಂದು ಅಕ್ಷರ ಬದಲಿದ್ದರೂ ಮತ್ತೆ ಇಳಿಸಿಕೊಳ್ಳಿ.

ಪೆನ್‌ಡ್ರೈವಿಗೆ ಬರೆಯುವ ರೂಫಸ್ ತಂತ್ರಾಂಶದಲ್ಲಿ ಎರಡು ಬಗೆ ಇವೆ. ಐಎಸ್‌ಒ ಮೋಡ್‌ನಲ್ಲಿ ಫೈಲುಗಳನ್ನು ಬಿಡಿಸಿ ಫ್ಯಾಟ್32ಗೆ ಹಾಕುತ್ತದೆ. ಡಿಡಿ ಮೋಡ್‌ನಲ್ಲಿ ಐಎಸ್‌ಒವನ್ನು ಇದ್ದಹಾಗೇ ಅಚ್ಚೊತ್ತುತ್ತದೆ. ಬಲೆನಾ ಎಚರ್ ಮಾಡುವುದು ಎರಡನೆಯದನ್ನೇ. ‘ಫೇಲ್ಡ್ ಟು ಲೋಡ್ ಎಲ್‌ಡಿಲಿನಕ್ಸ್’ ಎಂಬ ಸಂದೇಶ ಬಂದರೆ ಐಎಸ್‌ಒ ಮೋಡ್‌ನಲ್ಲಿ ಬೂಟ್‌ಲೋಡರಿನ ಆವೃತ್ತಿ ಹೊಂದಿಲ್ಲ ಎಂದರ್ಥ, ಡಿಡಿ ಮೋಡ್‌ನಲ್ಲಿ ಬರೆಯಿರಿ. ಹಳೆಯ ಬಯಾಸ್ ಯಂತ್ರಕ್ಕೆ ಪಾರ್ಟಿಶನ್ ಬಗೆ ಎಂಬಿಆರ್ ಇರಲಿ.

ಸಂತೆಯಲ್ಲೋ ಆನ್‌ಲೈನಲ್ಲೋ ಅಗ್ಗಕ್ಕೆ ಸಿಗುವ 64 ಜಿಬಿ ಎಂದು ಬರೆದ ಪೆನ್‌ಡ್ರೈವಿನ ಒಳಗೆ 8 ಜಿಬಿಯೇ ಇರಬಹುದು. ತುಂಬುವ ತನಕ ಅದು ಸುಳ್ಳು ಹೇಳುತ್ತದೆ, ನಿಜವಾದ ಅಳತೆ ದಾಟಿದ ಮೇಲೆ ಬರೆದದ್ದೆಲ್ಲ ಕಸ. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿನಲ್ಲಿ ಎಫ್3 ಎಂಬ ತಂತ್ರಾಂಶ ಪೂರ್ತಿ ಬರೆದು ಓದಿ ಇದನ್ನು ಬಯಲು ಮಾಡುತ್ತವೆ. ಹೊಸ ಪೆನ್‌ಡ್ರೈವಿಗೆ ಒಮ್ಮೆ ಈ ಪರೀಕ್ಷೆ ಮಾಡಿ ಆಮೇಲೆಯೇ ಬಳಸಿ.

ಕರ್ನಲ್ಲಿನ ಹೆಜ್ಜೆಯಲ್ಲಿ ನಿಂತರೆ

ಇಲ್ಲಿ ಸಂದೇಶಗಳೇ ಉತ್ತರ ಹೇಳುತ್ತವೆ. ‘ದಿಸ್ ಕರ್ನಲ್ ರಿಕ್ವೈರ್ಸ್ ಆನ್ ಎಕ್ಸ್86-64 ಸಿಪಿಯು’ ಎಂದರೆ 32 ಬಿಟ್ ಯಂತ್ರಕ್ಕೆ 64 ಬಿಟ್ ಲಿನಕ್ಸ್ ಕೊಟ್ಟಿದ್ದೀರಿ. 2008ರ ಹೊತ್ತಿನ ಆಟಂ ಎನ್270 ಚಿಪ್ಪಿನ ನೆಟ್‌ಬುಕ್‌ಗಳು ಈ ಗುಂಪಿನವು, 32 ಬಿಟ್ ಪಪ್ಪಿ ಅಥವಾ 32 ಬಿಟ್ ಆಂಟಿಎಕ್ಸ್ 23 ಹಾಕಿ. ಪಿಎಇ (ಹೆಚ್ಚು ಮೆಮೊರಿ ಬಳಸುವ ಸೌಲಭ್ಯ) ಇಲ್ಲ ಎಂದು ಹಳೆಯ ಪೆಂಟಿಯಂ ಎಂ ಯಂತ್ರ ನಿಂತರೆ ಬೂಟ್ ಸಾಲಿಗೆ ‘ಫೋರ್ಸ್‌ಪಿಎಇ’ ಸೇರಿಸಿ. ಆ ಚಿಪ್ಪುಗಳಲ್ಲಿ ಹಲವಕ್ಕೆ ಪಿಎಇ ಇದೆ, ಅದನ್ನು ಹೊರಗೆ ಹೇಳಿಕೊಳ್ಳುವುದಿಲ್ಲ ಅಷ್ಟೇ. ‘ಕರ್ನಲ್ ಪ್ಯಾನಿಕ್, ವಿಎಫ್‌ಎಸ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಎಂದರೆ ಕರ್ನಲ್ ಬಂತು, ಇನಿಟ್‌ಆರ್‌ಡಿ ಬರಲಿಲ್ಲ. ಗ್ರಬ್ ಮೆನುವಿನಲ್ಲಿ ‘ಇನಿಟ್‌ಆರ್‌ಡಿ’ ಎಂಬ ಸಾಲು ಬಿಟ್ಟುಹೋಗಿದೆಯೇ, ಅಲ್ಲಿರುವ ಫೈಲಿನ ದಾರಿ ಸರಿಯಿದೆಯೇ ನೋಡಿ. ಸಂದೇಶವೇ ಇಲ್ಲದೆ ನಿಂತರೆ ‘ನೋಮೋಡ್‌ಸೆಟ್’ ಸೇರಿಸಿ, ಅಕ್ಷರಗಳು ಎನ್, ಒ, ಎಂ, ಒ, ಡಿ, ಇ, ಎಸ್, ಇ, ಟಿ. ಅದಕ್ಕೂ ಏಳದಿದ್ದರೆ ಕೊನೆಯ ಪ್ರಯತ್ನವಾಗಿ ‘ಎಸಿಪಿಐ=ಆಫ್’. ಇದರಲ್ಲಿ ಫ್ಯಾನ್, ಬ್ಯಾಟರಿಯ ಅಳತೆ ಸರಿಯಿರುವುದಿಲ್ಲ, ಹಾಗಾಗಿ ಪರೀಕ್ಷೆಗಷ್ಟೇ ಬಳಸಿ.

ಎಸ್‌ಎಫ್‌ಎಸ್ ಸಿಗಲಿಲ್ಲ ಎಂದಾಗ

ಪಪ್ಪಿಯಲ್ಲಿ ಜನರನ್ನು ಹೆಚ್ಚು ಸುಸ್ತು ಮಾಡುವುದು ಇದು. ಎಸ್‌ಎಫ್‌ಎಸ್ ಸಿಗಲಿಲ್ಲ, ಆರಂಭಿಕ ಕನ್ಸೋಲಿಗೆ ಬೀಳುತ್ತಿದ್ದೇನೆ ಎಂದು ಹೇಳಿ ಒಂದು ಖಾಲಿ ಪ್ರಾಂಪ್ಟ್ ಕೊಡುತ್ತದೆ. ಡೆಬಿಯನ್ ಅಥವಾ ಉಬುಂಟು ಬಗೆಯ ಲೈವ್ ವ್ಯವಸ್ಥೆಯಲ್ಲಿ ಇದೇ ದೂರು ‘ಅನೇಬಲ್ ಟು ಫೈಂಡ್ ಎ ಮೀಡಿಯಂ ಕಂಟೇನಿಂಗ್ ಎ ಲೈವ್ ಫೈಲ್ ಸಿಸ್ಟಂ’ ಎಂದು ಬರುತ್ತದೆ. ಪ್ರಾಂಪ್ಟ್ ಕಂಡು ಗಾಬರಿಯಾಗಿ ಪವರ್ ಗುಂಡಿ ಒತ್ತುವವರೇ ಹೆಚ್ಚು. ಆದರೆ ಆ ಪ್ರಾಂಪ್ಟೇ ಅತ್ಯಂತ ಉಪಯುಕ್ತ ಜಾಗ.

ಅಲ್ಲಿ ‘ಬಿಎಲ್‌ಕೆಐಡಿ’ ಎಂದು ಬರೆದು ಎಂಟರ್ ಒತ್ತಿ. ಕಾಣುವ ಡ್ರೈವ್‌ಗಳ ಪಟ್ಟಿ ಬರುತ್ತದೆ. ಮುಂದಿನ ದಾರಿ ಅದರಲ್ಲಿ ಪೆನ್‌ಡ್ರೈವ್ ಇದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ.

ಈಗ ಪೆನ್‌ಡ್ರೈವ್ ಕಾಣುತ್ತಿದ್ದರೆ, ಹುಡುಕಿದ ಹೊತ್ತಿಗೆ ಅದು ಎಚ್ಚರಗೊಂಡಿರಲಿಲ್ಲ ಎಂಬುದು ಮೊದಲ ಸಾಧ್ಯತೆ. ನಿಧಾನದ ಪೆನ್‌ಡ್ರೈವ್, ಯುಎಸ್‌ಬಿ ಹಾರ್ಡ್‌ಡಿಸ್ಕ್‌ಗಳಲ್ಲಿ ಹೀಗಾಗುತ್ತದೆ. ಪಪ್ಪಿಯ ಬೂಟ್ ಸಾಲಿಗೆ ‘ವೇಟ್‌ಡೆವ್=10’ ಸೇರಿಸಿ, ಅಕ್ಷರಗಳು ಡಬ್ಲ್ಯು, ಎ, ಐ, ಟಿ, ಡಿ, ಇ, ವಿ. ಹತ್ತು ಸೆಕೆಂಡು ಕಾದು ಆಮೇಲೆ ಹುಡುಕುತ್ತದೆ. ಎರಡನೆಯ ಸಾಧ್ಯತೆ, ಡ್ರೈವ್ ಸಿಕ್ಕಿದೆ, ಫೈಲ್ ಸಿಕ್ಕಿಲ್ಲ. ಫೈಲುಗಳು ಪಾರ್ಟಿಶನ್ನಿನ ಮೇಲ್ಮಟ್ಟದಲ್ಲಿ ಇರದೆ ‘ಪಪ್ಪಿ’ ಎಂಬಂಥ ಫೋಲ್ಡರಿನೊಳಗಿದ್ದರೆ ಬೂಟ್ ಸಾಲಿನಲ್ಲಿ ‘ಪಿಸಬ್‌ಡಿರ್’ (ಪಿ, ಎಸ್, ಯು, ಬಿ, ಡಿ, ಐ, ಆರ್) ಆಯ್ಕೆಗೆ ಆ ಫೋಲ್ಡರಿನ ಹೆಸರು ಕೊಡಬೇಕು, ದೊಡ್ಡ ಸಣ್ಣ ಅಕ್ಷರ ಸಮೇತ. ಎಸ್‌ಎಫ್‌ಎಸ್‌ನ ಹೆಸರು ಬದಲಿಸಿದ್ದರೂ ಸಿಗುವುದಿಲ್ಲ. ಯಾವ ಹೆಸರಿನ, ಯಾವ ಆವೃತ್ತಿಯ ಎಸ್‌ಎಫ್‌ಎಸ್ ಹುಡುಕಬೇಕು ಎಂಬುದು ಇನಿಟ್‌ಆರ್‌ಡಿಯೊಳಗೇ ಬರೆದಿರುತ್ತದೆ. ಬ್ರೌಸರ್ ಎರಡನೇ ಸಲ ಇಳಿಸುವಾಗ ಹೆಸರಿನ ಕೊನೆಗೆ ಸೇರಿಸುವ ಒಂದು ಅಂಕಿಯೇ ಸಾಕು ಕೆಡಿಸಲು. ಹಳೆಯ ಪಪ್ಪಿಯ ಇನಿಟ್‌ಆರ್‌ಡಿ ಉಳಿಸಿಕೊಂಡು ಹೊಸದರ ಎಸ್‌ಎಫ್‌ಎಸ್ ಮಾತ್ರ ಹಾಕಿದರೂ ಇದೇ ಪಾಡು. ಕರ್ನಲ್, ಇನಿಟ್‌ಆರ್‌ಡಿ, ಎಸ್‌ಎಫ್‌ಎಸ್‌ಗಳು ಯಾವತ್ತೂ ಒಂದೇ ಐಎಸ್‌ಒದಿಂದ ಬಂದಿರಬೇಕು.

ಪಟ್ಟಿಯಲ್ಲಿ ಪೆನ್‌ಡ್ರೈವ್ ಇಲ್ಲವೇ ಇಲ್ಲದಿದ್ದರೆ ಬಯಾಸ್ ಅದನ್ನು ಓದಿದೆ, ಲಿನಕ್ಸಿಗೆ ಕಂಡಿಲ್ಲ. ಕಳಚಿ ಬೇರೆ ಪೋರ್ಟಿಗೆ ಹಾಕಿ ‘ಡಿಮೆಸ್ಗ್’ (ಡಿ, ಎಂ, ಇ, ಎಸ್, ಜಿ) ಎಂಬ ಆದೇಶ ಕೊಟ್ಟು ಕೊನೆಯ ಸಾಲುಗಳನ್ನು ನೋಡಿ. ಹೊಸ ಸಾಲು ಏನೂ ಬರದಿದ್ದರೆ ಪೋರ್ಟ್ ಅಥವಾ ಡ್ರೈವರ್. ‘ರಿಸೆಟ್’ ‘ಎರರ್’ ಎಂಬ ಪದಗಳು ಮತ್ತೆ ಮತ್ತೆ ಬಂದರೆ ಸಂಪರ್ಕ ಸರಿಯಿಲ್ಲ, ಅಥವಾ ಪೆನ್‌ಡ್ರೈವ್ ಸಾಯುತ್ತಿದೆ.

ಎಸ್‌ಎಫ್‌ಎಸ್ ಸಿಕ್ಕಿಯೂ ‘ಸ್ಕ್ವಾಷ್‌ಎಫ್‌ಎಸ್ ಎರರ್’ ಎಂಬ ಸಾಲುಗಳು ಸುರಿದರೆ ಫೈಲ್ ಕೆಟ್ಟಿದೆಯೋ, ಓದುವ ದಾರಿ ಕೆಟ್ಟಿದೆಯೋ ಎಂದು ಬೇರ್ಪಡಿಸಬೇಕು. ಬೇರೆ ಪೆನ್‌ಡ್ರೈವ್ ಅಥವಾ ವಿಂಡೋಸಿನಿಂದ ಎದ್ದು, ಆ ಎಸ್‌ಎಫ್‌ಎಸ್ ಫೈಲಿನ ಎಸ್‌ಎಚ್‌ಎ256 ತೆಗೆಯಿರಿ. ಪೆನ್‌ಡ್ರೈವ್ ಕಳಚಿ ಮತ್ತೆ ಹಾಕಿ ಇನ್ನೊಮ್ಮೆ ತೆಗೆಯಿರಿ. ಕಳಚಲೇಬೇಕು, ಇಲ್ಲದಿದ್ದರೆ ಎರಡನೆಯ ಸಲ ರ‍್ಯಾಮಿನಲ್ಲಿ ಉಳಿದ ಪ್ರತಿಯನ್ನೇ ಓದುತ್ತದೆ. ಐಎಸ್‌ಒದೊಳಗಿನ ಮೂಲ ಫೈಲಿನ ಮೊತ್ತಕ್ಕೆ ಹೋಲಿಸಿ. ಎರಡೂ ಸಲ ಒಂದೇ ತಪ್ಪು ಮೊತ್ತ ಬಂದರೆ ಫೈಲೇ ಕೆಟ್ಟಿದೆ, ಐಎಸ್‌ಒದಿಂದ ಅದೊಂದನ್ನೇ ಮತ್ತೆ ಹಾಕಿದರೆ ಸಾಕು. ಸಲಸಲಕ್ಕೂ ಬೇರೆ ಮೊತ್ತ ಬಂದರೆ ರ‍್ಯಾಮ್, ಪೋರ್ಟ್ ಅಥವಾ ಪೆನ್‌ಡ್ರೈವ್ ಯಂತ್ರಾಂಶದ ದೋಷ, ಮತ್ತೆ ಬರೆದು ಫಲವಿಲ್ಲ. ಆಂಟಿಎಕ್ಸ್‌ನಲ್ಲಿ ಬೂಟ್ ಆಯ್ಕೆಯಾಗಿ ‘ಚೆಕ್‌ಎಂಡಿ5’ ಕೊಟ್ಟರೆ ಲೈವ್ ಫೈಲುಗಳನ್ನು ಅದೇ ತಾಳೆ ನೋಡುತ್ತದೆ.

ರ‍್ಯಾಮ್ 1 ಜಿಬಿ ಅಥವಾ ಅದಕ್ಕೂ ಕಡಿಮೆ ಇರುವ ಯಂತ್ರ ಈ ಹಂತದಲ್ಲಿ ಬಹಳ ಹೊತ್ತು ತಡೆದು ನಿಂತರೆ ಪಪ್ಪಿಯ ಬೂಟ್ ಸಾಲಿನಲ್ಲಿ ‘ಪಿಫಿಕ್ಸ್=ನೋಕಾಪಿ’ ಕೊಡಿ. ಎಸ್‌ಎಫ್‌ಎಸ್ ರ‍್ಯಾಮಿಗೆ ನಕಲಾಗದೆ ಪೆನ್‌ಡ್ರೈವಿನಿಂದಲೇ ಓದಲ್ಪಡುತ್ತದೆ. ಆಗ ಕೆಲಸ ಮುಗಿಯುವ ತನಕ ಪೆನ್‌ಡ್ರೈವ್ ಕಳಚುವಂತಿಲ್ಲ.

ಉಳಿತಾಯದ ಪದರ ಕೆಟ್ಟಾಗ

ನಿನ್ನೆಯವರೆಗೆ ಚೆನ್ನಾಗಿ ಏಳುತ್ತಿದ್ದದ್ದು ಕರೆಂಟು ಹೋಗಿ ಬಂದ ಮೇಲೆ ಏಳದಿದ್ದರೆ ಕಾರಣ ಹೆಚ್ಚಾಗಿ ಇಲ್ಲಿದೆ. ಮೇ ತಿಂಗಳ ಸಿಡಿಲು ಮಳೆಯಲ್ಲಿ, ಮಳೆಗಾಲದ ಗಾಳಿಯಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೂ, ಬ್ಯಾಟರಿ ಸತ್ತು ಅಡಾಪ್ಟರಿನಲ್ಲೇ ಬದುಕಿರುವ ಲ್ಯಾಪ್‌ಟಾಪಿಗೂ ಇದು ಸಾಮಾನ್ಯ. ಮುಖ್ಯ ಎಸ್‌ಎಫ್‌ಎಸ್ ಓದಲಿಕ್ಕೆ ಮಾತ್ರ ಇರುವುದರಿಂದ ಅದಕ್ಕೆ ಏಟು ಬೀಳುವುದು ಅಪರೂಪ. ಏಟು ತಿನ್ನುವುದು ಬರೆಯುತ್ತಿದ್ದ ಪದರ. ಈ ವ್ಯವಸ್ಥೆಯ ದೊಡ್ಡ ಗುಣ ಇದೇ: ಪದರವನ್ನು ಬದಿಗಿಟ್ಟರೆ ಯಂತ್ರ ಮತ್ತೆ ಏಳುತ್ತದೆ.

ಪಪ್ಪಿಯ ಬೂಟ್ ಸಾಲಿಗೆ ‘ಪಿಫಿಕ್ಸ್=ರ‍್ಯಾಮ್’ ಸೇರಿಸಿ. ಅಕ್ಷರಗಳು ಪಿ, ಎಫ್, ಐ, ಎಕ್ಸ್, ಸಮ ಚಿಹ್ನೆ, ಆರ್, ಎ, ಎಂ. ಉಳಿಸಿದ್ದನ್ನೆಲ್ಲ ಬಿಟ್ಟು ಹೊಸದರಂತೆ ಏಳುತ್ತದೆ. ಎದ್ದರೆ ಯಂತ್ರ, ಕರ್ನಲ್, ಎಸ್‌ಎಫ್‌ಎಸ್ ಎಲ್ಲ ಸರಿ, ದೋಷ ಪದರದಲ್ಲಿ ಎಂದು ಖಚಿತ. ಏಳದಿದ್ದರೆ ಪದರವನ್ನು ಮುಟ್ಟುವ ಅಗತ್ಯವೇ ಇಲ್ಲ. ಈ ಒಂದು ಪರೀಕ್ಷೆ ಅರ್ಧ ಹುಡುಕಾಟವನ್ನು ಕಡಿಮೆ ಮಾಡುತ್ತದೆ.

ಎದ್ದ ಕೂಡಲೇ ಮೊದಲ ಕೆಲಸ ರಿಪೇರಿಯಲ್ಲ, ನಕಲು. ಡೆಸ್ಕ್‌ಟಾಪಿನ ಕೆಳಗೆ ಕಾಣುವ ಡ್ರೈವ್ ಐಕಾನ್ ಒತ್ತಿ ಉಳಿತಾಯದ ಫೋಲ್ಡರ್ ತೆರೆಯಿರಿ. ಅದರೊಳಗಿನ ‘ರೂಟ್’ ಫೋಲ್ಡರಿನಲ್ಲಿ ನಿಮ್ಮ ಫೈಲುಗಳಿರುತ್ತವೆ. ಉಳಿತಾಯ ಒಂದೇ ದೊಡ್ಡ ಫೈಲಿನ ರೂಪದಲ್ಲಿದ್ದರೆ ಅದರ ಮೇಲೆ ಒತ್ತಿದರೂ ತೆರೆದುಕೊಳ್ಳುತ್ತದೆ. ಮಕ್ಕಳ ಪ್ರಾಜೆಕ್ಟು, ಲೆಕ್ಕದ ಹಾಳೆ, ಫೋಟೊ ಎಲ್ಲವನ್ನೂ ಬೇರೆ ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ರಿಪೇರಿ.

ಎಕ್ಸ್ಟ್4 (ಲಿನಕ್ಸಿನ ಫೈಲ್ ವ್ಯವಸ್ಥೆ) ಪಾರ್ಟಿಶನ್ನಿನಲ್ಲಿ ಉಳಿತಾಯ ಇದ್ದರೆ ಅದನ್ನು ಅನ್‌ಮೌಂಟ್ ಮಾಡಿ, ಅಂದರೆ ಬಳಕೆಯಿಂದ ಬಿಡಿಸಿ, ಟರ್ಮಿನಲ್‌ನಲ್ಲಿ ‘ಇ2ಎಫ್‌ಎಸ್‌ಸಿಕೆ -ಎಫ್’ ಎಂದು ಬರೆದು ಪಾರ್ಟಿಶನ್ನಿನ ಹೆಸರು ಕೊಡಿ. ಹೆಸರನ್ನು ಬಿಎಲ್‌ಕೆಐಡಿ ಪಟ್ಟಿಯಿಂದ ನೋಡಿಕೊಳ್ಳಿ. ಮೌಂಟ್ ಆಗಿರುವ ಪಾರ್ಟಿಶನ್ ಮೇಲೆ ಇದನ್ನು ಓಡಿಸಿದರೆ ಇದ್ದದ್ದೂ ಹಾಳಾಗುತ್ತದೆ. ಉಳಿತಾಯವೂ ಎಸ್‌ಎಫ್‌ಎಸ್ಸೂ ಒಂದೇ ಪಾರ್ಟಿಶನ್ನಿನಲ್ಲಿದ್ದು ಅನ್‌ಮೌಂಟ್ ಆಗದಿದ್ದರೆ ಬೂಟ್ ಸಾಲಿನಲ್ಲಿ ‘ಪಿಫಿಕ್ಸ್=ಎಫ್‌ಎಸ್‌ಸಿಕೆಪಿ’ ಕೊಡಿ, ಮೌಂಟ್ ಆಗುವ ಮೊದಲೇ ಪರೀಕ್ಷೆ ನಡೆಯುತ್ತದೆ. ಸೂಪರ್‌ಬ್ಲಾಕ್, ಅಂದರೆ ಪಾರ್ಟಿಶನ್ನಿನ ಮುಖ್ಯ ವಿವರಗಳಿರುವ ಜಾಗ, ಓದಲಾಗುತ್ತಿಲ್ಲ ಎಂದರೆ ‘-ಬಿ 32768’ ಸೇರಿಸಿ ಇನ್ನೊಮ್ಮೆ ಓಡಿಸಿ. 4 ಕೆಬಿ ಬ್ಲಾಕಿನ ಪಾರ್ಟಿಶನ್ನುಗಳಲ್ಲಿ ಅದರ ಮೊದಲ ಮೀಸಲು ಪ್ರತಿ ಅಲ್ಲಿರುತ್ತದೆ. ದಾರಿ ತಪ್ಪಿದ ಫೈಲುಗಳನ್ನು ‘ಲಾಸ್ಟ್+ಫೌಂಡ್’ ಫೋಲ್ಡರಿನಲ್ಲಿ ನೋಡಿ.

ಪದರ ತುಂಬಿಹೋದರೂ ಡೆಸ್ಕ್‌ಟಾಪ್ ಏಳುವುದಿಲ್ಲ. ಬ್ರೌಸರಿನ ಕ್ಯಾಶ್ ತಾನಾಗಿಯೇ ನೂರಾರು ಎಂಬಿ ನುಂಗುತ್ತದೆ. ಪಿಫಿಕ್ಸ್=ರ‍್ಯಾಮ್‌ನಿಂದ ಎದ್ದು ಉಳಿತಾಯದ ‘ರೂಟ್’ ಫೋಲ್ಡರಿನೊಳಗೆ ಚುಕ್ಕಿಯಿಂದ ಶುರುವಾಗುವ ‘ಕ್ಯಾಶ್’ ಫೋಲ್ಡರನ್ನು ಖಾಲಿ ಮಾಡಿ. ಚುಕ್ಕಿಯ ಫೋಲ್ಡರುಗಳು ಅಡಗಿರುತ್ತವೆ, ಅಡಗಿದ್ದನ್ನು ತೋರಿಸುವ ಆಯ್ಕೆ ಒತ್ತಿದರೆ ಕಾಣುತ್ತವೆ.

ಉಳಿತಾಯವನ್ನು ವಿಂಡೋಸಿನ ಎನ್‌ಟಿಎಫ್‌ಎಸ್ ಪಾರ್ಟಿಶನ್ನಿನಲ್ಲಿ ಇಟ್ಟವರಿಗೆ ಬೇರೆ ಕಾರಣ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂಬುದು ನಿಜಕ್ಕೂ ಅರೆನಿದ್ದೆ, ಪಾರ್ಟಿಶನ್ ಓದಲಿಕ್ಕೆ ಮಾತ್ರ ಸಿಗುತ್ತದೆ. ವಿಂಡೋಸಿನ ಅಡ್ಮಿನ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟರೆ ಈ ಕಾಟ ಶಾಶ್ವತವಾಗಿ ನಿಲ್ಲುತ್ತದೆ.

ಕೊನೆಗೆ ಕಪ್ಪು ತೆರೆ

ಮೊದಲು ಟಾರ್ಚನ್ನು ತೆರೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಡೆಸ್ಕ್‌ಟಾಪ್ ಕಂಡರೆ ಬೂಟ್ ಆಗಿದೆ, ಬ್ಯಾಕ್‌ಲೈಟ್ ಹೋಗಿದೆ. ಹೊರಗಿನ ಮಾನಿಟರ್ ಜೋಡಿಸಿದರೂ ಗೊತ್ತಾಗುತ್ತದೆ. ಹಾಗೇನೂ ಇಲ್ಲದಿದ್ದರೆ ‘ಪಿಫಿಕ್ಸ್=ನಾಕ್ಸ್’, ಅಂದರೆ ಸಮ ಚಿಹ್ನೆಯ ಬಳಿಕ ಎನ್, ಒ, ಎಕ್ಸ್ ಕೊಟ್ಟು ಎಕ್ಸ್ ಇಲ್ಲದೆ ಏಳಿಸಿ. ಪ್ರಾಂಪ್ಟ್‌ನಲ್ಲಿ ‘ಎಕ್ಸಾರ್ಗ್‌ವಿಜರ್ಡ್’ ಓಡಿಸಿ ವೆಸಾ ಡ್ರೈವರ್, 1024×768 ಆರಿಸಿ, ‘ಎಕ್ಸ್‌ವಿನ್’ ಎಂದು ಕೊಟ್ಟರೆ ಡೆಸ್ಕ್‌ಟಾಪ್ ಬರಬೇಕು.

ಒಂದೇ ಪೆನ್‌ಡ್ರೈವನ್ನು ಮನೆ, ಕಾಲೇಜು, ಅಂಗಡಿ ಎಂದು ಹಲವು ಯಂತ್ರಗಳಿಗೆ ಹಾಕುವವರಿಗೆ ಇನ್ನೊಂದು ಮಾತು. ಒಂದು ಯಂತ್ರದ ತೆರೆಗೆ ತಕ್ಕಂತೆ ಬರೆದ ‘ಎಕ್ಸಾರ್ಗ್.ಕಾನ್ಫ್’ ಫೈಲ್ ಉಳಿತಾಯದೊಳಗೆ ಕೂತು ಇನ್ನೊಂದರಲ್ಲಿ ತೆರೆ ಕಪ್ಪು ಮಾಡುತ್ತದೆ. ಉಳಿತಾಯದ ‘ಇಟಿಸಿ’ ಫೋಲ್ಡರಿನ ‘ಎಕ್ಸ್11’ ಒಳಗೆ ಅದನ್ನು ಹುಡುಕಿ ಹೆಸರು ಬದಲಿಸಿ. ಮುಂದಿನ ಬೂಟಿನಲ್ಲಿ ವ್ಯವಸ್ಥೆ ಹೊಸದಾಗಿ ಗುರುತಿಸಿಕೊಳ್ಳುತ್ತದೆ.

ಪೆನ್‌ಡ್ರೈವನ್ನು ಮತ್ತೆ ಕಟ್ಟುವುದಾದರೆ

ಕೊನೆಗೂ ಹೊಸದಾಗಿಯೇ ಮಾಡಬೇಕಾಗಿ ಬಂದರೆ ಈ ಸಲ ಏಟು ತಡೆಯುವಂತೆ ಮಾಡಿ. 16 ಜಿಬಿ ಪೆನ್‌ಡ್ರೈವಿನಲ್ಲಿ ಜಿಪಾರ್ಟೆಡ್ ಬಳಸಿ ಮೊದಲಿಗೆ 2 ಜಿಬಿ ಫ್ಯಾಟ್32, ಉಳಿದದ್ದು ಎಕ್ಸ್ಟ್4 ಮಾಡಿ. ಮೊದಲನೆಯದಕ್ಕೆ ಬೂಟ್ ಗುರುತು ಹಾಕಿ ಐಎಸ್‌ಒದ ಫೈಲುಗಳನ್ನೆಲ್ಲ ಅಲ್ಲಿಡಿ. ಯುಇಎಫ್‌ಐ ಯಂತ್ರಕ್ಕೆ ಇಷ್ಟು ಸಾಕು. ಹಳೆಯ ಬಯಾಸಿಗಾದರೆ ಪಪ್ಪಿಯ ಮೆನುವಿನಲ್ಲಿರುವ ಬೂಟ್‌ಲೋಡರ್ ಸಾಧನವನ್ನೂ ಓಡಿಸಬೇಕು. ಮೊದಲ ಶಟ್‌ಡೌನಿನಲ್ಲಿ ಉಳಿಸುವುದೆಲ್ಲಿ ಎಂದು ಕೇಳಿದಾಗ ಎಕ್ಸ್ಟ್4 ಪಾರ್ಟಿಶನ್ ಆರಿಸಿ, ಫೈಲಲ್ಲ, ಫೋಲ್ಡರ್ ಎಂದು ಕೊಡಿ. ಎಕ್ಸ್ಟ್4ಗೆ ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ಇದೆ, ಕರೆಂಟು ಹೋದರೂ ಬೇಗ ಚೇತರಿಸಿಕೊಳ್ಳುತ್ತದೆ. ಫ್ಯಾಟ್32ಗೆ ಅದಿಲ್ಲ, ಒಂದು ಫೈಲ್ 4 ಜಿಬಿ ಮುಟ್ಟುವಂತೆಯೂ ಇಲ್ಲ.

ಪೆನ್‌ಡ್ರೈವಿನಿಂದ ಓಡುವಾಗ ಪಪ್ಪಿ ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ರ‍್ಯಾಮಿನಲ್ಲಿದ್ದದ್ದನ್ನು ಉಳಿತಾಯಕ್ಕೆ ಬರೆಯುತ್ತದೆ. ಇವೆಂಟ್ ಮ್ಯಾನೇಜರಿನಲ್ಲಿ ಅದನ್ನು 0 ಮಾಡಿದರೆ ತಾನಾಗಿ ಬರೆಯುವುದು ನಿಲ್ಲುತ್ತದೆ. ಮಳೆಗಾಲದಲ್ಲಿ ಹಾಗೆ ಮಾಡಿ, ಮುಖ್ಯ ಕೆಲಸ ಮುಗಿದಾಗಲೆಲ್ಲ ಡೆಸ್ಕ್‌ಟಾಪಿನ ಸೇವ್ ಐಕಾನ್ ನೀವೇ ಒತ್ತುವುದು ಒಳ್ಳೆಯದು. ಬರೆಯುವ ನಡುವೆ ಕರೆಂಟು ಕೈಕೊಡುವ ಸಂಭವ ಅಷ್ಟರ ಮಟ್ಟಿಗೆ ತಗ್ಗುತ್ತದೆ.

ಎಲ್ಲ ಸರಿಯಾದ ಮೇಲೆ ಉಳಿತಾಯದ ಫೋಲ್ಡರಿನ ಒಂದು ಪ್ರತಿ ತೆಗೆಯಿರಿ. ಪಿಫಿಕ್ಸ್=ರ‍್ಯಾಮ್‌ನಿಂದ ಎದ್ದು, ಬೇರೆ ಎಕ್ಸ್ಟ್4 ಡ್ರೈವಿಗೆ ನಕಲು ಮಾಡಿ, ‘ಸಿಂಕ್’ ಎಂಬ ಆದೇಶ ಕೊಟ್ಟು ಪ್ರಾಂಪ್ಟ್ ಮರಳಿ ಬರುವ ತನಕ ಕಾಯಿರಿ. ಡ್ರೈವನ್ನು ಅನ್‌ಮೌಂಟ್ ಮಾಡಿ ಕಳಚಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಫ್ಯಾಟ್32 ಡ್ರೈವಿಗೆ ನೇರ ನಕಲು ಮಾಡಿದರೆ ಫೈಲುಗಳ ಅನುಮತಿ, ಲಿಂಕುಗಳು ಕಳೆದುಹೋಗಿ ಆ ಪ್ರತಿಯಿಂದ ಯಂತ್ರ ಏಳುವುದಿಲ್ಲ. ಫ್ಯಾಟ್32 ಒಂದೇ ಇದ್ದರೆ ಮೊದಲು ಎಲ್ಲವನ್ನೂ ಒಂದೇ ಫೈಲಾಗಿಸುವ ಟಾರ್ ಕಟ್ಟು ಮಾಡಿ, ಕಟ್ಟನ್ನು ಅಲ್ಲಿಗೆ ಹಾಕಿ.